ಬೆಣ್ಣೆಯ ಪಥ್ಯ, ಪ್ರಾಣವಾಯುವಿನ ಗೂಡು

ಮೂರ್ಛೆ ಬಂದು ಬಿದ್ದವರ ಕೈಗೆ ಬೀಗದ ಕೈಗೊಂಚಲು ತುರುಕುವುದು, ಮೂಗಿಗೆ ಹೆಚ್ಚಿದ ಈರುಳ್ಳಿ ಹಿಡಿಯುವುದು, ಯಾವುದೂ ಸಿಗದಿದ್ದರೆ ಚಪ್ಪಲಿಯ ವಾಸನೆ ತೋರಿಸುವುದು ನಮ್ಮ ಬಸ್ ನಿಲ್ದಾಣಗಳಲ್ಲೂ ಜಾತ್ರೆಗಳಲ್ಲೂ ಇಂದಿಗೂ ಕಾಣುವ ನೋಟ. ಇವುಗಳಿಂದ ಸೆಳವು ನಿಲ್ಲುವುದಿಲ್ಲ. ಹೆಚ್ಚಿನ ಸೆಳವುಗಳು ಒಂದೆರಡು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಕೀರ್ತಿ ಮಾತ್ರ ಕಬ್ಬಿಣಕ್ಕೆ ಸಲ್ಲುತ್ತದೆ. ಬಂದು ಹೋಗುವ ಸ್ವಭಾವದ ಕಾಯಿಲೆಗಳಿಗೆಲ್ಲ ಇದೇ ತೊಡಕು. ಯಾವುದು ಮದ್ದಿನಿಂದ ಹೋಯಿತು, ಯಾವುದು ತಾನಾಗಿ ಹೋಯಿತು ಎಂದು ಬೇರ್ಪಡಿಸುವುದು ಸುಲಭವಲ್ಲ. ಮಿದುಳು ಮತ್ತು ನರಗಳ ದೀರ್ಘರೋಗಗಳಿಗೆ ಕಳೆದ ನೂರು ವರ್ಷಗಳಲ್ಲಿ ಸೂಚಿತವಾದ ಔಷಧೇತರ ಚಿಕಿತ್ಸೆಗಳಲ್ಲಿ ಎರಡು ಬಹಳ ಹೆಸರು ಮಾಡಿವೆ. ಒಂದು, ಅನ್ನ ಬಿಟ್ಟು ಕೊಬ್ಬು ತಿನ್ನುವ ಪಥ್ಯ. ಇನ್ನೊಂದು, ಒತ್ತಡದ ಕೋಣೆಯಲ್ಲಿ ಕುಳಿತು ಆಮ್ಲಜನಕ ಉಸಿರಾಡುವುದು. ಮೊದಲನೆಯದು ಮೂಢನಂಬಿಕೆಯಂತೆ ಹುಟ್ಟಿ ವಿಜ್ಞಾನದ ಪರೀಕ್ಷೆಯಲ್ಲಿ ಪಾಸಾಯಿತು. ಎರಡನೆಯದು ವಿಜ್ಞಾನದ ಉಡುಪು ತೊಟ್ಟೇ ಬಂದು ಅದೇ ಪರೀಕ್ಷೆಯಲ್ಲಿ ಎಡವಿತು.

ಉಪವಾಸಕ್ಕೂ ಮೂರ್ಛೆರೋಗಕ್ಕೂ ಗಂಟು ಹಾಕಿದ್ದು ಹೊಸ ಕಾಲದ ವೈದ್ಯರಲ್ಲ. ಗ್ರೀಸಿನ ಹಿಪಾಕ್ರಟಿಸ್ ಪರಂಪರೆಯ ಬರಹಗಳಲ್ಲಿ ಅನ್ನಪಾನಗಳನ್ನು ಬಿಡಿಸುವ ಚಿಕಿತ್ಸೆಯ ಪ್ರಸ್ತಾಪವಿದೆ. ಆ ಪರಂಪರೆಯದೇ ಒಂದು ಗ್ರಂಥ, ಕ್ರಿಸ್ತಪೂರ್ವ 400ರ ಸುಮಾರಿನದು, ಜನ ದೈವಿಕವೆಂದು ಕರೆಯುತ್ತಿದ್ದ ಈ ರೋಗ ಬೇರೆ ರೋಗಗಳಿಗಿಂತ ಹೆಚ್ಚು ದೈವಿಕವೇನಲ್ಲ, ಅದರ ನೆಲೆ ಮಿದುಳು ಎಂದು ವಾದಿಸಿತ್ತು. ಬೈಬಲ್ಲಿನ ಮಾರ್ಕನ ಸುವಾರ್ತೆಯಲ್ಲಿ ಸೆಳವಿನಿಂದ ನರಳುವ ಹುಡುಗನೊಬ್ಬನ ಪ್ರಸಂಗ ಬರುತ್ತದೆ. ಶಿಷ್ಯರ ಕೈಯಲ್ಲಿ ಗುಣವಾಗದ ಅಂಥ ಪೀಡೆ ಪ್ರಾರ್ಥನೆಗೆ ಮಾತ್ರ ಬಗ್ಗುತ್ತದೆ ಎಂದು ಏಸು ಹೇಳುತ್ತಾನೆ. ಅನೇಕ ಹಸ್ತಪ್ರತಿಗಳಲ್ಲಿ ಪ್ರಾರ್ಥನೆಯ ಜೊತೆಗೆ ಉಪವಾಸವೂ ಸೇರಿದೆ. ಇಟಲಿಯ ರಾಫೆಲ್ 1520ರಲ್ಲಿ ಸಾಯುವ ಮುನ್ನ ಕೈಗೆತ್ತಿಕೊಂಡಿದ್ದ ಕೊನೆಯ ದೊಡ್ಡ ಚಿತ್ರದ ಕೆಳಭಾಗದಲ್ಲಿ ಕಣ್ಣು ಮೇಲೆ ಮಾಡಿ ಕೈ ಸೆಟೆಸಿ ನಿಂತ ಹುಡುಗ ಇವನೇ.

ನಮ್ಮ ಆಯುರ್ವೇದದಲ್ಲಿ ಇದರ ಹೆಸರು ಅಪಸ್ಮಾರ, ಎಂದರೆ ಸ್ಮೃತಿ ತಪ್ಪುವುದು. ನಟರಾಜನ ಕಾಲಡಿಯ ಕುಳ್ಳ ಪುರುಷನಿಗೂ ಇದೇ ಹೆಸರು. ಚರಕ ಸಂಹಿತೆ ಅಪಸ್ಮಾರಕ್ಕೆ ಹೇಳುವ ಮದ್ದುಗಳಲ್ಲಿ ಪಂಚಗವ್ಯ ಘೃತದಂಥ ತುಪ್ಪದ ಪಾಕಗಳಿವೆ. ಇದನ್ನು ಕಂಡು, ಕೊಬ್ಬಿನ ಪಥ್ಯ ನಮ್ಮವರಿಗೆ ಮೊದಲೇ ಗೊತ್ತಿತ್ತು ಎಂದು ಹೆಮ್ಮೆಪಡುವವರುಂಟು. ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಅನ್ನದ ಜೊತೆ ಚಮಚೆಗಟ್ಟಲೆ ತಿಂದ ತುಪ್ಪದಿಂದ ದೇಹದ ಇಂಧನ ಬದಲಾಗುವುದಿಲ್ಲ. ಅನ್ನವನ್ನೇ ಬಿಟ್ಟಾಗ ಬದಲಾಗುತ್ತದೆ. ‘ಲಂಘನಂ ಪರಮೌಷಧಂ’ ಎನ್ನುವ ಹಿರಿಯರ ಮಾತು ಈ ವಿಷಯದಲ್ಲಿ ತುಪ್ಪಕ್ಕಿಂತ ಹತ್ತಿರದ್ದು. ಹಾಗೆಂದು ಅವಲಕ್ಕಿ, ಉಪ್ಪಿಟ್ಟು, ಬಾಳೆಹಣ್ಣುಗಳ ಫಲಾಹಾರದೊಂದಿಗೆ ನಡೆಯುವ ನಮ್ಮ ಏಕಾದಶಿ ಲೆಕ್ಕಕ್ಕೆ ಬರದು.

ಆಧುನಿಕ ಕಾಲದಲ್ಲಿ ಉಪವಾಸವನ್ನು ಮತ್ತೆ ಮುನ್ನೆಲೆಗೆ ತಂದವರು ಪ್ಯಾರಿಸ್ಸಿನ ಗೆಲ್ಪಾ ಮತ್ತು ಮಾರೀ ಎಂಬ ವೈದ್ಯರು. ಉಪವಾಸದ ಅವಧಿಯಲ್ಲಿ ಸೆಳವುಗಳು ಕಡಿಮೆಯಾಗುತ್ತವೆ ಎಂದು 1911ರಲ್ಲಿ ಅವರು ವರದಿ ಮಾಡಿದರು. ಆಗ ಕೈಯಲ್ಲಿದ್ದ ಔಷಧ ಮುಖ್ಯವಾಗಿ ಬ್ರೋಮೈಡ್. 1857ರಿಂದ ಬಳಕೆಯಲ್ಲಿದ್ದ ಅದು ಸೆಳವನ್ನು ತಗ್ಗಿಸುತ್ತಿತ್ತು, ಜೊತೆಗೆ ರೋಗಿಯನ್ನು ಮಂಕಾಗಿಸುತ್ತಿತ್ತು. ಫೀನೋಬಾರ್ಬಿಟಾಲ್ ಮೂರ್ಛೆಗೆ ಉಪಯುಕ್ತವೆಂದು ತಿಳಿದದ್ದು 1912ರಲ್ಲಿ. ಅಮೆರಿಕದ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಊರಿನಲ್ಲಿ ಹ್ಯೂ ಕಾಂಕ್ಲಿನ್ ಎಂಬಾತ ಮೂರ್ಛೆಯ ಮಕ್ಕಳನ್ನು 18ರಿಂದ 25 ದಿನಗಳವರೆಗೆ ಬರೀ ನೀರಿನ ಮೇಲೆ ಇಡುತ್ತಿದ್ದ. ಕರುಳಿನಲ್ಲಿ ಹುಟ್ಟುವ ವಿಷವೊಂದು ರಕ್ತಕ್ಕೆ ಸೇರಿ ಮಿದುಳನ್ನು ಕೆಡಿಸುತ್ತದೆ ಎಂಬುದು ಅವನ ಸಿದ್ಧಾಂತ. ಸಿದ್ಧಾಂತ ತಪ್ಪು. ಮಕ್ಕಳಲ್ಲಿ ನೂರಕ್ಕೆ 90ರಷ್ಟು ಗುಣ ಎಂದು ಅವನು ಕೊಚ್ಚಿಕೊಂಡದ್ದೂ ಅತಿಯೇ. ಅವನ ದಾಖಲೆಗಳನ್ನು ಆಮೇಲೆ ನೋಡಿದಾಗ ಸೆಳವು ಪೂರ್ತಿ ನಿಂತಿದ್ದು ನೂರಕ್ಕೆ 20 ಮಂದಿಗೆ, ಸ್ವಲ್ಪ ಸುಧಾರಿಸಿದ್ದು 50 ಮಂದಿಗೆ ಎಂದು ಕಂಡುಬಂತು. ಆದರೆ ಬೇರೆ ಯಾವುದಕ್ಕೂ ಬಗ್ಗದ ರೋಗದಲ್ಲಿ ಅಷ್ಟಾದರೂ ಸಣ್ಣ ಸಂಗತಿಯಲ್ಲ. ತಪ್ಪು ಕಾರಣ ಹಿಡಿದು ಸರಿಯಾದ ಕೆಲಸ ಮಾಡಿದವರು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಹಲವರಿದ್ದಾರೆ, ಕಾಂಕ್ಲಿನ್ ಅವರಲ್ಲೊಬ್ಬ.

ಅವನ ಬಳಿಗೆ ಹೋದ ಮಕ್ಕಳಲ್ಲಿ ನ್ಯೂಯಾರ್ಕಿನ ಶ್ರೀಮಂತ ವಕೀಲ ಚಾರ್ಲ್ಸ್ ಹೌಲಂಡನ ಮಗನೂ ಒಬ್ಬ. ವಕೀಲನ ಸಹೋದರ ಜಾನ್ ಹೌಲಂಡ್ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯದ ಪ್ರಾಧ್ಯಾಪಕ. ಉಪವಾಸ ಏಕೆ ಫಲ ಕೊಡುತ್ತದೆಂದು ಕಂಡುಹಿಡಿಯಲು ವಕೀಲ 1919ರಲ್ಲಿ ತಮ್ಮನವರಿಗೆ 5,000 ಡಾಲರು ಕೊಟ್ಟ. ಆ ಹಣದಿಂದ ಜೇಮ್ಸ್ ಗ್ಯಾಂಬಲ್ ಎಂಬ ಯುವ ವೈದ್ಯ ನಡೆಸಿದ ಅಧ್ಯಯನ ಮೂರ್ಛೆಯ ರಹಸ್ಯವನ್ನು ಬಿಡಿಸಲಿಲ್ಲ. ಆದರೆ ದೇಹದ ಲವಣ ಮತ್ತು ಆಮ್ಲಗಳ ಸಮತೋಲದ ಬಗ್ಗೆ ಅಂದು ದೊರೆತ ತಿಳಿವಳಿಕೆ ವಾಂತಿಭೇದಿಯ ಮಕ್ಕಳಿಗೆ ಸಲೈನ್ ಕೊಡುವ ವಿದ್ಯೆಗೆ ಅಡಿಪಾಯವಾಯಿತು. ಬಾವಿ ತೋಡಲು ಹೋಗಿ ನಿಧಿ ಸಿಕ್ಕಂತೆ.

ಮೂರ್ಛೆಯ ಗಂಟನ್ನು ಸ್ವಲ್ಪ ಸಡಿಲಿಸಿದ್ದು ಮಿನೆಸೋಟದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್. ಇವನು ಮಧುಮೇಹದ ವೈದ್ಯ. ಉಪವಾಸ ಮಾಡಿದಾಗ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಒಂದು ದಿನದ ಸುಮಾರಿಗೆ ತೀರುತ್ತದೆ. ಆಮೇಲೆ ದೇಹ ಕೊಬ್ಬನ್ನು ಕರಗಿಸತೊಡಗುತ್ತದೆ. ಯಕೃತ್ತು ಅದರಿಂದ ಕೀಟೋನ್‌ಗಳೆಂಬ ಸಣ್ಣ ಕಣಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಉಸಿರಿಗೆ ಉಗುರುಬಣ್ಣ ಅಳಿಸುವ ದ್ರಾವಣದಂಥ ವಾಸನೆ ಬರುವುದು ಇವುಗಳಲ್ಲೊಂದಾದ ಅಸಿಟೋನಿನಿಂದ. ಮಧುಮೇಹದ ವೈದ್ಯರಿಗೆ ಈ ವಾಸನೆ ಮೃತ್ಯುವಿನ ಮುನ್ಸೂಚನೆ, ಏಕೆಂದರೆ ಇನ್ಸುಲಿನ್ ಇಲ್ಲದ ದೇಹದಲ್ಲಿ ಕೀಟೋನ್ ಮಿತಿಮೀರಿ ರಕ್ತವನ್ನೇ ಆಮ್ಲವಾಗಿಸುತ್ತದೆ. ವೈಲ್ಡರ್ ಅದೇ ವಸ್ತುವನ್ನು ಬೇರೆ ಕಣ್ಣಿನಿಂದ ನೋಡಿದ. ಮಗುವನ್ನು ವಾರಗಟ್ಟಲೆ ಹಸಿದಿಡಲಾಗದು. ಪಿಷ್ಟ ಕಳೆದು ಕೊಬ್ಬು ತುಂಬಿದ ಊಟ ಕೊಟ್ಟರೆ ದೇಹ ತಾನು ಉಪವಾಸದಲ್ಲಿದ್ದೇನೆಂದೇ ಭ್ರಮಿಸಿ ಕೀಟೋನ್ ಮಾಡುತ್ತದೆಯಲ್ಲವೆ? 1921ರಲ್ಲಿ ಅವನು ಇದಕ್ಕೆ ಕೀಟೋಜೆನಿಕ್ ಪಥ್ಯ ಎಂದು ಹೆಸರಿಟ್ಟ. ಅದೇ ಸಂಸ್ಥೆಯ ಮಕ್ಕಳ ವೈದ್ಯ ಪೀಟರ್‌ಮನ್ 1925ರ ಹೊತ್ತಿಗೆ ಲೆಕ್ಕ ಹಾಕಿಕೊಟ್ಟ: ಮಗುವಿನ ತೂಕದ ಪ್ರತಿ ಕಿಲೋಗೆ 1 ಗ್ರಾಂ ಪ್ರೋಟೀನು, ದಿನಕ್ಕೆ 10ರಿಂದ 15 ಗ್ರಾಂ ಪಿಷ್ಟ, ಉಳಿದದ್ದೆಲ್ಲ ಕೊಬ್ಬು.

ಈ ಲೆಕ್ಕದ ಬಿಗಿಯನ್ನು ನಮ್ಮ ಊಟದಲ್ಲಿ ನೋಡಿದರೆ ಗೊತ್ತಾಗುತ್ತದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಪಿಷ್ಟವೇ 70 ಗ್ರಾಂ ಆಸುಪಾಸು. ಎಂದರೆ ಮಗುವಿನ ಇಡೀ ದಿನದ ಪಾಲು ಸುಮಾರು 20 ಗ್ರಾಂ ಹಿಟ್ಟಿನಲ್ಲಿ, ಒಂದು ನಿಂಬೆಗಾತ್ರದ ಮುದ್ದೆಯಲ್ಲಿ, ಮುಗಿದುಹೋಯಿತು. ಅಕ್ಕಿ, ಬೇಳೆ, ಬೆಲ್ಲ, ಹಣ್ಣು ಏನನ್ನೂ ಮುಟ್ಟುವಂತಿಲ್ಲ. ಹಳೆಯ ಕಟ್ಟುನಿಟ್ಟಿನ ಪಥ್ಯದಲ್ಲಿ 4 ಗ್ರಾಂ ಕೊಬ್ಬಿಗೆ ಪ್ರೋಟೀನು ಮತ್ತು ಪಿಷ್ಟ ಸೇರಿ 1 ಗ್ರಾಂ. ಕೊಬ್ಬಿನ ಒಂದು ಗ್ರಾಂ 9 ಕ್ಯಾಲರಿ, ಉಳಿದವುಗಳದು 4. ಆದ್ದರಿಂದ ಶಕ್ತಿಯ ನೂರಕ್ಕೆ 90 ಭಾಗ ಬೆಣ್ಣೆ, ಕೆನೆ, ಎಣ್ಣೆಗಳಿಂದಲೇ ಬರಬೇಕು. ತಾಯಿ ಅಡಿಗೆಮನೆಯಲ್ಲಿ ಅಕ್ಕಸಾಲಿಗನಂತೆ ತಕ್ಕಡಿ ಹಿಡಿಯಬೇಕು. ಕೆಮ್ಮಿನ ಸಿರಪ್ಪಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ಹುಟ್ಟುಹಬ್ಬದ ದಿನ ಅಜ್ಜಿ ಕದ್ದು ಕೊಟ್ಟ ಒಂದು ಲಡ್ಡು ವಾರಗಳ ಶ್ರಮವನ್ನು ಅಳಿಸಬಲ್ಲದು.

ಹೀಗಿರುವಾಗ 1938ರಲ್ಲಿ ಮೆರಿಟ್ ಮತ್ತು ಪಟ್ನಮ್ ಎಂಬ ಅಮೆರಿಕದ ವೈದ್ಯರು ಫೆನಿಟಾಯಿನ್ ಮಾತ್ರೆಯ ಗುಣವನ್ನು ಲೋಕಕ್ಕೆ ತಿಳಿಸಿದಾಗ ಪಥ್ಯ ಮೂಲೆಗೆ ಬಿದ್ದದ್ದು ಆಶ್ಚರ್ಯವಲ್ಲ. ದಿನಕ್ಕೊಂದು ಮಾತ್ರೆಯ ಮುಂದೆ ತಕ್ಕಡಿಯ ಬೆಣ್ಣೆ ಯಾರಿಗೆ ಬೇಕು? ಪಥ್ಯ ತಿಳಿದ ಆಹಾರತಜ್ಞರು ನಿವೃತ್ತರಾದರು, ತಪ್ಪಾಗಿ ತಯಾರಿಸಿದ ಪಥ್ಯ ಫಲ ಕೊಡಲಿಲ್ಲ, ಫಲವಿಲ್ಲದ್ದನ್ನು ಕಲಿಸುವವರೂ ಇಲ್ಲವಾದರು. ಜಾನ್ಸ್ ಹಾಪ್ಕಿನ್ಸ್‌ನಂಥ ಒಂದೆರಡು ಕಡೆ ಮಾತ್ರ ಮಿಲಿಸೆಂಟ್ ಕೆಲಿ ಎಂಬ ಆಹಾರತಜ್ಞೆಯಂಥವರು ಪೆನ್ಸಿಲ್ಲು ಕಾಗದಗಳಲ್ಲಿ ಆ ವಿದ್ಯೆಯನ್ನು ಉಳಿಸಿಕೊಂಡಿದ್ದರು.

ಅದು ಮತ್ತೆ ಬೆಳಕಿಗೆ ಬಂದದ್ದು ಹಾಲಿವುಡ್ಡಿನ ಮೂಲಕ. ಹಾಸ್ಯಚಿತ್ರಗಳ ನಿರ್ದೇಶಕ ಜಿಮ್ ಅಬ್ರಹಾಮ್ಸ್ ಅವರ ಎಳೆಯ ಮಗನಿಗೆ 1993ರಲ್ಲಿ ಸೆಳವು ಶುರುವಾಯಿತು. ಹಲವು ಔಷಧಗಳು, ಮಿದುಳಿನ ಶಸ್ತ್ರಕ್ರಿಯೆ ಯಾವುದೂ ತಡೆಯಲಿಲ್ಲ. ತಂದೆ ತಾವೇ ಗ್ರಂಥಾಲಯದಲ್ಲಿ ಹುಡುಕಿ ಈ ಪಥ್ಯದ ಸುದ್ದಿ ತಿಳಿದು ಮಗುವನ್ನು ಬಾಲ್ಟಿಮೋರಿಗೆ ಕರೆದೊಯ್ದರು. ಸೆಳವು ನಿಂತಿತು. ಇಂಥದ್ದೊಂದು ಇದೆ ಎಂದು ಮೊದಲೇ ಏಕೆ ಯಾರೂ ಹೇಳಲಿಲ್ಲ ಎಂಬ ತಂದೆಯ ಸಿಟ್ಟಿನಿಂದ ಮಗನ ಹೆಸರಿನ ಚಾರ್ಲಿ ಫೌಂಡೇಶನ್ 1994ರಲ್ಲಿ ಹುಟ್ಟಿತು. 1997ರಲ್ಲಿ ಮೆರಿಲ್ ಸ್ಟ್ರೀಪ್ ನಟಿಸಿದ ಟೆಲಿವಿಷನ್ ಚಿತ್ರವೂ ಬಂತು. ಅಬ್ರಹಾಮ್ಸ್ 2024ರಲ್ಲಿ ತೀರಿಕೊಂಡರು.

ಒಂದು ಮಗು ಗುಣವಾದದ್ದು ಸಾಕ್ಷ್ಯವಲ್ಲ. ಕಬ್ಬಿಣದ ಬೀಗದ ಕೈಗೂ ಅಂಥ ಸಾಕ್ಷಿಗಳು ಬೇಕಾದಷ್ಟಿದ್ದಾರೆ. ಆ ಕೊರತೆ ತುಂಬಿದ್ದು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ತಂಡದ ನೇತೃತ್ವದಲ್ಲಿ ನಡೆದ, 2008ರಲ್ಲಿ ಪ್ರಕಟವಾದ ಪ್ರಯೋಗ. ಔಷಧಕ್ಕೆ ಬಗ್ಗದ 145 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಕೂಡಲೇ ಪಥ್ಯ, ಇನ್ನೊಂದಕ್ಕೆ ಮೂರು ತಿಂಗಳ ಬಳಿಕ. ಆ ಮೂರು ತಿಂಗಳಲ್ಲಿ ಪಥ್ಯದ 73 ಮಕ್ಕಳಲ್ಲಿ 28 ಮಂದಿಗೆ ಸೆಳವು ಅರ್ಧಕ್ಕಿಂತ ಹೆಚ್ಚು ತಗ್ಗಿತು. ಕಾಯುತ್ತಿದ್ದ 72 ಮಂದಿಯಲ್ಲಿ ಹಾಗಾದದ್ದು ನಾಲ್ವರಿಗೆ. ಈ ನಾಲ್ವರನ್ನು ಗಮನಿಸಬೇಕು: ಏನೂ ಹೊಸದು ಮಾಡದೆಯೇ ಅವರು ಸುಧಾರಿಸಿದ್ದರು. ಆ ತಿಂಗಳುಗಳಲ್ಲಿ ಅವರ ಕೊರಳಿಗೆ ತಾಯಿತ ಕಟ್ಟಿದ್ದರೆ ಹೆಸರು ತಾಯಿತಕ್ಕೆ ಬರುತ್ತಿತ್ತು.

ಭಾರತದಲ್ಲಿ ದೆಹಲಿಯ ವೈದ್ಯರು ಇದರ ಸಡಿಲ ರೂಪವನ್ನು ಪರೀಕ್ಷಿಸಿದರು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ 2003ರ ಸುಮಾರಿಗೆ ರೂಪುಗೊಂಡ ಈ ಬಗೆಯಲ್ಲಿ ಪ್ರೋಟೀನನ್ನು ತೂಗಬೇಕಿಲ್ಲ, ಆಸ್ಪತ್ರೆಗೆ ಸೇರಿ ಉಪವಾಸ ಮಾಡಬೇಕಿಲ್ಲ. ಪಿಷ್ಟವನ್ನು ದಿನಕ್ಕೆ ಹತ್ತಿಪ್ಪತ್ತು ಗ್ರಾಮಿನೊಳಗೆ ಹಿಡಿದರೆ ಸಾಕು. 102 ಮಕ್ಕಳ ಮೇಲಿನ ದೆಹಲಿಯ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಪಥ್ಯ ಹಿಡಿದವರಲ್ಲಿ ಅರ್ಧದಷ್ಟು ಮಕ್ಕಳಿಗೆ ಸೆಳವು ಅರ್ಧಕ್ಕಿಂತ ಕಡಿಮೆಯಾಗಿತ್ತು. ಹಿಡಿಯದವರಲ್ಲಿ ಹಾಗಾದದ್ದು ಸುಮಾರು ಒಂಬತ್ತರಲ್ಲಿ ಒಬ್ಬರಿಗೆ. ಮೊಟ್ಟೆ, ಪನೀರು, ತೆಂಗಿನಕಾಯಿ, ಕೆನೆಗಳಲ್ಲೇ ನಮ್ಮ ರುಚಿಯ ಊಟ ಹೊಂದಿಸಬಹುದು ಎಂಬುದಕ್ಕೆ ಇದು ಒಳ್ಳೆಯ ಆಧಾರ. ಸಸ್ಯಾಹಾರಿ ಮನೆಗಳಲ್ಲಿ ಕಷ್ಟ ಹೆಚ್ಚು, ಆದರೆ ಅಸಾಧ್ಯವಲ್ಲ.

ಕೀಟೋನ್ ಮಿದುಳನ್ನು ಹೇಗೆ ಶಾಂತವಾಗಿಡುತ್ತದೆ? ದೇಹದ ತೂಕದಲ್ಲಿ ನೂರಕ್ಕೆ 2ರಷ್ಟಿರುವ ಮಿದುಳು ಶಕ್ತಿಯಲ್ಲಿ ಸುಮಾರು 20 ಪಾಲನ್ನು ಕಬಳಿಸುತ್ತದೆ. ಅದಕ್ಕೆ ಗ್ಲೂಕೋಸ್ ಒಂದೇ ಆಹಾರವೆಂದು ಬಹುಕಾಲ ನಂಬಲಾಗಿತ್ತು. ಬಾಸ್ಟನ್ನಿನ ಜಾರ್ಜ್ ಕಾಹಿಲ್ ಮತ್ತು ಸಂಗಡಿಗರು ಐದಾರು ವಾರ ಉಪವಾಸವಿದ್ದ ಸ್ಥೂಲಕಾಯರನ್ನು ಪರೀಕ್ಷಿಸಿ, ಅವರ ಮಿದುಳು ಹೆಚ್ಚಿನ ಪಾಲು ಕೀಟೋನ್ ಮೇಲೆಯೇ ನಡೆಯುತ್ತಿದೆಯೆಂದು 1967ರಲ್ಲಿ ತೋರಿಸಿದರು. ಈ ಇಂಧನ ಬದಲಾದಾಗ ನರಕೋಶಗಳ ಉದ್ರೇಕ ತಗ್ಗುವುದು ಏಕೆಂಬುದಕ್ಕೆ ಹಲವು ವಿವರಣೆಗಳಿವೆ. ಶಮನಕಾರಿ ರಾಸಾಯನಿಕಗಳು ಹೆಚ್ಚುತ್ತವೆ ಎನ್ನುವವರಿದ್ದಾರೆ. ಕೋಶಗಳ ಪೊಟ್ಯಾಸಿಯಂ ಬಾಗಿಲುಗಳನ್ನು ಬೊಟ್ಟು ಮಾಡುವವರಿದ್ದಾರೆ. ಕರುಳಿನ ಬ್ಯಾಕ್ಟೀರಿಯಾಗಳ ಪಾತ್ರವಿದೆಯೆಂದು 2018ರಲ್ಲಿ ಕ್ಯಾಲಿಫೋರ್ನಿಯದ ಇಲಿಗಳ ಪ್ರಯೋಗ ಸೂಚಿಸಿತು. ಕರುಳನ್ನೇ ದೂರಿದ್ದ ಕಾಂಕ್ಲಿನ್ ಇದನ್ನು ಕೇಳಿದ್ದರೆ ಮೀಸೆ ತಿರುವುತ್ತಿದ್ದನೋ ಏನೋ. ಒಂದು ರೋಗದಲ್ಲಿ ಮಾತ್ರ ಉತ್ತರ ನಿಚ್ಚಳ. ಗ್ಲೂಕೋಸನ್ನು ಮಿದುಳಿಗೆ ಸಾಗಿಸುವ ವಾಹಕವೇ ಹುಟ್ಟಿನಿಂದ ಕೊರತೆಯಾಗಿರುವ, 1991ರಲ್ಲಿ ಮೊದಲು ವಿವರಿಸಲಾದ ವಿರಳ ಕಾಯಿಲೆಯಲ್ಲಿ ಕೀಟೋನ್ ಬೇರೆ ಬಾಗಿಲಿನಿಂದ ಒಳಹೊಕ್ಕು ಹಸಿದ ಮಿದುಳಿಗೆ ಉಣಿಸುತ್ತದೆ. ಆ ಮಕ್ಕಳಿಗೆ ಪಥ್ಯವೇ ಮೊದಲ ಮದ್ದು.

ಇದನ್ನೋದಿ ಯಾರೂ ನಾಳೆಯಿಂದ ಮಗುವಿಗೆ ಬೆಣ್ಣೆ ತಿನ್ನಿಸಲು ಹೊರಡಬಾರದು. ಮಲಬದ್ಧತೆ, ಮೂತ್ರಪಿಂಡದ ಕಲ್ಲು, ಬೆಳವಣಿಗೆಯ ಕುಂಠಿತ, ರಕ್ತದ ಕೊಬ್ಬಿನ ಏರಿಕೆ ಇದರ ತಿಳಿದಿರುವ ಅಡ್ಡಪರಿಣಾಮಗಳು. ಕೊಬ್ಬನ್ನು ಅರಗಿಸುವ ಕಿಣ್ವಗಳ ಜನ್ಮಜಾತ ದೋಷವುಳ್ಳ ಮಗುವಿಗೆ ಇದು ಪ್ರಾಣಾಂತಕವಾಗಬಹುದು. ಆದ್ದರಿಂದ ಮೊದಲೇ ರಕ್ತಪರೀಕ್ಷೆ ಬೇಕು, ವಿಟಮಿನ್ ಮತ್ತು ಸುಣ್ಣದ ಮಾತ್ರೆಗಳು ಜೊತೆಗೆ ಬೇಕು, ನಡೆಯುತ್ತಿರುವ ಔಷಧವನ್ನು ತಾವಾಗಿ ನಿಲ್ಲಿಸಲೇಬಾರದು. ಪಥ್ಯ ಇರುವುದು ಔಷಧ ಸೋತ ಕಡೆ. ಜಗತ್ತಿನಲ್ಲಿ ಮೂರ್ಛೆರೋಗವುಳ್ಳವರು ಸುಮಾರು 5 ಕೋಟಿ. ಸರಿಯಾದ ಚಿಕಿತ್ಸೆ ಸಿಕ್ಕರೆ ಅವರಲ್ಲಿ ನೂರಕ್ಕೆ 70 ಮಂದಿ ಸೆಳವಿಲ್ಲದೆ ಬದುಕಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಡದೇಶಗಳಲ್ಲಿ ಬಹುಪಾಲು ಜನರಿಗೆ ಆ ಅಗ್ಗದ ಮಾತ್ರೆಯೇ ಸಿಗುತ್ತಿಲ್ಲ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರು ಸೀಮೆಯ ಹಳ್ಳಿಗಳಲ್ಲಿ ಮನೆಮನೆ ಸುತ್ತಿ ರೋಗಿಗಳನ್ನು ಗುರುತಿಸಿ, ಫೀನೋಬಾರ್ಬಿಟಾಲ್ ಮತ್ತು ಫೆನಿಟಾಯಿನ್‌ನಂಥ ಹಳೆಯ ಮದ್ದುಗಳಿಂದಲೇ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದ ಅಧ್ಯಯನ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು. ಯಳಂದೂರಿನ ಮಗುವಿಗೆ ಮೊದಲು ಬೇಕಾದದ್ದು ಅದು, ಬೆಣ್ಣೆಯಲ್ಲ. ಪಾರ್ಕಿನ್ಸನ್, ಅಲ್ಜೈಮರ್ ಮುಂತಾದ ಕಾಯಿಲೆಗಳಿಗೂ ಈ ಪಥ್ಯವನ್ನು ಶಿಫಾರಸು ಮಾಡುವ ಪುಸ್ತಕಗಳು ಈಗ ಅಂಗಡಿಗಳಲ್ಲಿ ತುಂಬಿವೆ. ಅವುಗಳ ಹಿಂದಿರುವುದು ಸಣ್ಣ, ಅಲ್ಪಾವಧಿಯ ಅಧ್ಯಯನಗಳು.

ಇನ್ನು ಆಮ್ಲಜನಕದ ಕತೆ. 2021ರ ಕೋವಿಡ್ ದಿನಗಳಲ್ಲಿ ಸಿಲಿಂಡರಿಗಾಗಿ ಪರದಾಡಿದ ನಮ್ಮ ಜನಕ್ಕೆ ಆಮ್ಲಜನಕದ ಬೆಲೆ ಹೇಳಿಕೊಡಬೇಕಿಲ್ಲ. ಆದರೆ ಆರೋಗ್ಯವಂತ ಶ್ವಾಸಕೋಶದವರ ರಕ್ತದಲ್ಲಿ ಕೆಂಪುಕಣಗಳು ಆಗಲೇ ನೂರಕ್ಕೆ 97-98ರಷ್ಟು ಆಮ್ಲಜನಕ ಹೊತ್ತಿರುತ್ತವೆ. ತುಂಬಿದ ಕೊಡಕ್ಕೆ ಇನ್ನಷ್ಟು ಸುರಿಯಲು ಜಾಗವಿಲ್ಲ. ಕೋಣೆಯ ಒತ್ತಡವನ್ನು ವಾಯುಭಾರದ ಎರಡು ಮೂರು ಪಟ್ಟಿಗೆ ಏರಿಸಿದರೆ ಮಾತ್ರ, ಸೋಡಾದಲ್ಲಿ ಗಾಳಿ ಕರಗಿದಂತೆ, ಆಮ್ಲಜನಕ ರಕ್ತದ ದ್ರವದಲ್ಲೇ ಕರಗುತ್ತದೆ. ಆಮ್‌ಸ್ಟರ್‌ಡ್ಯಾಮಿನ ಬೂರೆಮಾ 1960ರಲ್ಲಿ ಹಂದಿಮರಿಗಳ ಕೆಂಪುಕಣಗಳನ್ನು ಬಹುತೇಕ ತೆಗೆದುಹಾಕಿ, ಇಂಥ ಕೋಣೆಯಲ್ಲಿ ಅವುಗಳನ್ನು ಬದುಕಿಸಿ ತೋರಿಸಿದ. ಆಳಸಮುದ್ರದಿಂದ ಬೇಗ ಮೇಲೆದ್ದ ಮುಳುಗುಗಾರರು, ಇದ್ದಿಲ ಹೊಗೆಯ ವಿಷವೇರಿದವರು, ಕೊಳೆವ ಗಾಯದವರು ಮುಂತಾದವರಿಗೆ ಈ ಚಿಕಿತ್ಸೆ ನಿಜಕ್ಕೂ ಸಂಜೀವಿನಿ.

ಅಲ್ಲಿಗೆ ನಿಲ್ಲದೆ ಸರ್ವರೋಗಗಳಿಗೂ ಹಬ್ಬಿಸುವ ಆಸೆ ಹಳೆಯದು. ಅಮೆರಿಕದ ಆರ್ವಲ್ ಕನ್ನಿಂಗ್‌ಹ್ಯಾಮ್ ಎಂಬ ವೈದ್ಯ 1928ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ 64 ಅಡಿ ವ್ಯಾಸದ ಉಕ್ಕಿನ ಗೋಳವನ್ನೇ ಆಸ್ಪತ್ರೆಯಾಗಿ ಕಟ್ಟಿಸಿದ. ಐದು ಅಂತಸ್ತು, ಒಳಗೆಲ್ಲ ಒತ್ತಿದ ಗಾಳಿ. ಹಣ ಕೊಟ್ಟವನು ಬೇರಿಂಗ್ ತಯಾರಿಸುವ ಉದ್ಯಮಿ ಟಿಮ್‌ಕೆನ್. ವೈದ್ಯರ ಸಂಘ ಆಧಾರ ಕೇಳಿದಾಗ ತೃಪ್ತಿಕರ ಉತ್ತರ ಬರಲಿಲ್ಲ. ಗೋಳ ಬಾಗಿಲು ಮುಚ್ಚಿತು. 1942ರಲ್ಲಿ ಯುದ್ಧಕ್ಕೆಂದು ಗುಜರಿ ಸೇರಿತು.

1983ರಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗದ 40 ಮಂದಿಯ ಮೇಲೆ ನ್ಯೂಯಾರ್ಕಿನಲ್ಲಿ ನಡೆದ ಪ್ರಯೋಗವೊಂದು ಒತ್ತಡದ ಆಮ್ಲಜನಕದಿಂದ ಪ್ರಯೋಜನ ಕಂಡೆನೆಂದಿತು. ಬ್ರಿಟನ್ನಿನಲ್ಲಿ ರೋಗಿಗಳು ತಾವೇ ಚಂದಾ ಎತ್ತಿ ಕೋಣೆಗಳನ್ನು ಸ್ಥಾಪಿಸಿದರು. ಅದನ್ನು ಪುನಃ ಪರಿಶೀಲಿಸಹೊರಟ ಪ್ರಯೋಗಗಳಲ್ಲಿ ಹೆಚ್ಚಿನವು ಬರಿಗೈಯಲ್ಲಿ ಮರಳಿದವು. 2004ರಲ್ಲಿ ಅವೆಲ್ಲವನ್ನೂ ಒಟ್ಟಿಗೆ ತೂಗಿದ ಕೊಕ್ರೇನ್ ಸಮೀಕ್ಷೆ ಈ ಚಿಕಿತ್ಸೆಯನ್ನು ಸಮರ್ಥಿಸುವ ಆಧಾರ ಕಾಣಲಿಲ್ಲ. ಆದರೂ ಬ್ರಿಟನ್ನಿನ ಆ ಕೇಂದ್ರಗಳಲ್ಲಿ ಹಲವು ಇಂದಿಗೂ ನಡೆಯುತ್ತಿವೆ. ವಾರಕ್ಕೊಮ್ಮೆ ತಮ್ಮಂಥವರ ಜೊತೆ ಒಂದು ಗಂಟೆ ಕುಳಿತು ಹರಟುವುದರಲ್ಲೂ ಒಂದು ಗುಣವಿರಬಹುದು. ಅದು ಆಮ್ಲಜನಕದ್ದಲ್ಲ ಅಷ್ಟೆ.

ಮಕ್ಕಳ ವಿಷಯದಲ್ಲಿ ಕಣ್ಣು ತೆರೆಸುವ ಪ್ರಯೋಗ ಕೆನಡಾದ ಕ್ವಿಬೆಕ್‌ನಲ್ಲಿ ನಡೆದು 2001ರಲ್ಲಿ ಪ್ರಕಟವಾಯಿತು. ಸೆರೆಬ್ರಲ್ ಪಾಲ್ಸಿಯುಳ್ಳ 111 ಮಕ್ಕಳು, ತಲಾ 40 ಬೈಠಕ್ಕು. ಅರ್ಧ ಮಕ್ಕಳಿಗೆ 1.75 ವಾಯುಭಾರದಲ್ಲಿ ಶುದ್ಧ ಆಮ್ಲಜನಕ, ಉಳಿದವರಿಗೆ 1.3ರಲ್ಲಿ ಬರೀ ಗಾಳಿ. ಆಮ್ಲಜನಕ ಪಡೆದ ಮಕ್ಕಳು ಸುಧಾರಿಸಿದರು. ಗಾಳಿ ಪಡೆದವರೂ ಅಷ್ಟೇ ಸುಧಾರಿಸಿದರು. ಒತ್ತಡದ ಗಾಳಿಯೂ ಮದ್ದೇ ಎಂದು ಕೋಣೆಯ ಪಕ್ಷದವರು ವಾದಿಸಿದರು. ಎರಡು ತಿಂಗಳು ತಾಯಿತಂದೆಯರ ಪೂರ್ಣ ಗಮನ, ಹೊಸ ಗೆಳೆಯರು, ಆಡುತ್ತ ಬೆಳೆಯುವ ವಯಸ್ಸು ಇವೇ ಕಾರಣವೆಂದು ಉಳಿದವರು ಹೇಳಿದರು. ಈ ಎರಡನೆಯ ವಿವರಣೆಯೇ ಹೆಚ್ಚು ನಂಬುವಂತಿದೆ. ಮನೆ ಅಡವಿಟ್ಟು ಬೈಠಕ್ಕುಗಳಿಗೆ ಹಣ ಸುರಿಯುವ ಕುಟುಂಬಗಳಿಗೆ ಈ ವ್ಯತ್ಯಾಸ ಬರೀ ಪಾಂಡಿತ್ಯದ್ದಲ್ಲ. ಅಪಾಯವೂ ಇಲ್ಲದಿಲ್ಲ. ಶುದ್ಧ ಆಮ್ಲಜನಕದಲ್ಲಿ ಕಿಡಿಯೊಂದು ಸಾಕು: 2025ರ ಜನವರಿಯಲ್ಲಿ ಮಿಷಿಗನ್ ರಾಜ್ಯದಲ್ಲಿ ಕೋಣೆಗೆ ಬೆಂಕಿ ತಗುಲಿ ಐದು ವರ್ಷದ ಮಗು ಸತ್ತಿತು.

ಎಲ್ಲಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಒತ್ತಡದ ಆಮ್ಲಜನಕ ಮಿತಿಮೀರಿದರೆ ತಾನೇ ಮೂರ್ಛೆ ತರಿಸುತ್ತದೆ. ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒತ್ತಡದ ಪಾತ್ರೆಯೊಳಗಿನ ಹಕ್ಕಿಗಳು ಸೆಳೆತ ಬಂದು ಸಾಯುವುದನ್ನು ವಿವರಿಸಿದ್ದಾನೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಮುಳುಗುಗಾರರು ಇದೇ ಕಾಟಕ್ಕೆ ಸಿಲುಕಿದರು. ಇದನ್ನು ತಡೆಯುವ ದಾರಿ ಹುಡುಕಲು ಅಮೆರಿಕದ ನೌಕಾಪಡೆ ಹಣ ಕೊಟ್ಟ ಸಂಶೋಧನೆಯೊಂದು ಫ್ಲಾರಿಡಾದ ಡೊಮಿನಿಕ್ ದಗೋಸ್ಟಿನೋ ಅವರ ಪ್ರಯೋಗಶಾಲೆಯಲ್ಲಿ ನಡೆಯಿತು. ಐದು ವಾಯುಭಾರದ ಆಮ್ಲಜನಕ ಉಸಿರಾಡಿದ ಇಲಿಗಳಿಗೆ ಬೇಗನೆ ಸೆಳವು ಬಂತು. ಮೊದಲೇ ಕೀಟೋನ್ ದ್ರವ ಕುಡಿಸಿದ ಇಲಿಗಳು ಅದೇ ಕೋಣೆಯಲ್ಲಿ ಹಲವು ಪಟ್ಟು ಹೆಚ್ಚು ಹೊತ್ತು ಸೆಳವಿಲ್ಲದೆ ಉಳಿದವು. 2013ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಇಲಿಗಳು ಬೆಣ್ಣೆ ತಿಂದಿರಲಿಲ್ಲ, ಉಪವಾಸವನ್ನೂ ಮಾಡಿರಲಿಲ್ಲ.